ಮೊಹರು ಒಡೆಯದ ಡಬ್ಬ

ರಾತ್ರಿ ಊಟದ ಹೊತ್ತಿಗೆ ಫೋನು ಬಂದರೆ ನಮ್ಮ ಮನೆಯಲ್ಲಿ ಎಲ್ಲರ ಎದೆಯೂ ಒಂದು ಕ್ಷಣ ಧಸಕ್ಕೆನ್ನುತ್ತದೆ. ಅವತ್ತು ಬಂದದ್ದು ಬೆಂಗಳೂರಿನಿಂದ, ಲಿಂಗಸುಗೂರಿನ ಅಕ್ಕನ ಮಗನ ಫೋನು. ಏನು ಸುದ್ದಿಯೋ ಎಂದು ಮುರಿದ ರೊಟ್ಟಿಯನ್ನು ತಾಟಿನಲ್ಲಿಟ್ಟು ಕಿವಿಗೆ ಹಿಡಿದರೆ, ಅವನು ಕೇಳಿದ್ದು ಇಷ್ಟೇ:

“ಮಾಮಾ, ನಿಮ್ಮ ಹಳೇ ವಿಡಿಯೊ ಗೇಮ್ ಅದಾವೇನ್ರಿ? ಒಗದಿಲ್ಲ ಹೌದಿಲ್ಲೊ?”

ಕೈ ತೊಳೆಯುವ ಮೊದಲೇ ಪೂರ್ತಿ ಕಥೆ ಹೇಳಿದ. ಹಳೆಯ ವಿಡಿಯೊ ಗೇಮುಗಳಿಗೆ ಅಮೆರಿಕದಲ್ಲಿ ಬಂಗಾರಕ್ಕಿಂತ ಹೆಚ್ಚು ಬೆಲೆ ಬಂದಿದೆಯಂತೆ. 1986ರಲ್ಲಿ ಯಾರೋ ಕ್ರಿಸ್‌ಮಸ್ ಉಡುಗೊರೆಗೆಂದು ಕೊಂಡು, ಮೇಜಿನ ಖಾನೆಯಲ್ಲಿಟ್ಟು ಮರೆತಿದ್ದ ‘ಸೂಪರ್ ಮಾರಿಯೊ ಬ್ರದರ್ಸ್’ ಆಟದ ಡಬ್ಬವೊಂದು 2021ರ ಏಪ್ರಿಲ್‌ನಲ್ಲಿ 6 ಲಕ್ಷ 60 ಸಾವಿರ ಡಾಲರಿಗೆ ಹರಾಜಾಯಿತು. ಅದೇ ವರ್ಷದ ಜುಲೈನಲ್ಲಿ ಡಲ್ಲಾಸ್‌ನ ಹೆರಿಟೇಜ್ ಆಕ್ಷನ್ಸ್ ಎಂಬ ಹರಾಜು ಸಂಸ್ಥೆಯಲ್ಲಿ ‘ಲೆಜೆಂಡ್ ಆಫ್ ಜೆಲ್ಡಾ’ 8 ಲಕ್ಷ 70 ಸಾವಿರ ಡಾಲರಿಗೆ ಹೋಯಿತು. ಎರಡೇ ದಿನದ ನಂತರ ‘ಸೂಪರ್ ಮಾರಿಯೊ 64’ ಎಂಬುದು 15 ಲಕ್ಷ 60 ಸಾವಿರ ಡಾಲರಿಗೆ! ಆಗಿನ ಲೆಕ್ಕದಲ್ಲಿ ನಮ್ಮ ಹನ್ನೊಂದು ಕೋಟಿ ರೂಪಾಯಿಗೂ ಮಿಕ್ಕಿ. ಮಕ್ಕಳ ಆಟದ ಸಾಮಾನಿಗೆ!

ಅವನು ಫೋನು ಇಟ್ಟ ಮೇಲೆ ನಾನು ಅಟ್ಟದ ಕಡೆ ನೋಡಿದೆ. ಜಗುಲಿಯಲ್ಲಿ ಕೂತಿದ್ದ ಅವ್ವನ ಕಡೆಯೂ ಒಮ್ಮೆ ನೋಡಿದೆ. ಅವ್ವನ ಬರಿದಾದ ಕೊರಳಿಗೂ ಅಟ್ಟದ ಮೇಲಿನ ಆ ರಟ್ಟಿನ ಪೆಟ್ಟಿಗೆಗೂ ಸಂಬಂಧವಿತ್ತು. ಅದನ್ನು ಮೊದಲು ಹೇಳಿಬಿಡಬೇಕು.

* * *

1993. ಬಿ.ಎ. ಮುಗಿಸಿ ಎರಡು ವರ್ಷ ಅರ್ಜಿ ಹಾಕಿ ಹಾಕಿ ಸೋತು, ಮಸ್ಕಿಯಿಂದ ಸಿಂಧನೂರಿಗೆ ಹೋಗಿ ವಿಡಿಯೊ ಗೇಮ್ ಅಂಗಡಿ ಇಡುತ್ತೇನೆ ಎಂದೆ. ಅಪ್ಪ ಬೈದರು. ಅವ್ವ ಬೈಯಲಿಲ್ಲ. ಕೊರಳಲ್ಲಿದ್ದ ಮೂರು ತೊಲೆಯ ಬೋರಮಾಳ ಸರವನ್ನು ತೆಗೆದು ಕೈಯಲ್ಲಿಟ್ಟು, “ವರ್ಷದಾಗ ಬಿಡಿಸಿಕೊಂಡು ಬಾ” ಎಂದಳು. ಗಿರವಿ ಅಂಗಡಿಯಲ್ಲಿ ಒಂಬತ್ತು ಸಾವಿರ ಕೊಟ್ಟರು. ಬಡ್ಡಿ ತಿಂಗಳಿಗೆ ನೂರಕ್ಕೆ ಮೂರು.

ಆ ದುಡ್ಡಿನಲ್ಲಿ ಕೈಬದಲಿಯ ಒಂದು ಕಲರ್ ಟಿ.ವಿ., ಒಂದು ಕಪ್ಪು ಬಿಳುಪಿನದು, ಎರಡು ಗೇಮ್ ಸೆಟ್ಟು, ಕೈಗೆ ಸಿಕ್ಕಷ್ಟು ಕ್ಯಾಸೆಟ್ಟು ಬಂದವು. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಹತ್ತಡಿ ಅಗಲದ ಕೋಣೆ. ಗಂಟೆಗೆ ಕಪ್ಪು ಬಿಳುಪಿಗೆ ಐದು ರೂಪಾಯಿ, ಕಲರಿಗೆ ಎಂಟು ರೂಪಾಯಿ.

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಸಿಂಧನೂರು ಭತ್ತದ ಊರಾಯಿತು ಎಂಬುದು ಎಲ್ಲರಿಗೂ ಗೊತ್ತು. ಆ ನೀರಿನ ಜೊತೆ ಜನವೂ ಬಂದಿತ್ತು. ಆಂಧ್ರದ ಕಡೆಯಿಂದ ಬಂದು ಕ್ಯಾಂಪು ಕಟ್ಟಿಕೊಂಡ ರೈತರ ಮಕ್ಕಳು, ಪೂರ್ವ ಬಂಗಾಳ ಬಿಟ್ಟು ಬಂದು ಆರ್.ಎಚ್. ಕ್ಯಾಂಪುಗಳಲ್ಲಿ ನೆಲೆಸಿದವರ ಮಕ್ಕಳು, ರೈಸ್ ಮಿಲ್ಲಿನ ಹಮಾಲರ ಮಕ್ಕಳು, ಅಡತಿ ಅಂಗಡಿಯ ಸಾಹುಕಾರರ ಮಕ್ಕಳು ಎಲ್ಲರೂ ನನ್ನ ಕೋಣೆಯಲ್ಲಿ ಒಂದೇ ಚಾಪೆಯ ಮೇಲೆ ಕೂತರು. ಒಬ್ಬ ತೆಲುಗಿನಲ್ಲಿ ಕೂಗಿದರೆ ಇನ್ನೊಬ್ಬ ಬಂಗಾಳಿಯಲ್ಲಿ ಬೈಯುತ್ತಿದ್ದ. ಮಾರಿಯೊ ಹಳ್ಳಕ್ಕೆ ಬಿದ್ದಾಗ ಮಾತ್ರ ಎಲ್ಲರ ಬಾಯಿಂದಲೂ ಹೊರಡುತ್ತಿದ್ದುದು “ಅಯ್ಯೋ!” ಎಂಬ ಅಪ್ಪಟ ಕನ್ನಡ. ‘ಕಾಂಟ್ರಾ’ ಆಟಕ್ಕೆ ಜೋಡಿ ಬೇಕು. ಆ ಜೋಡಿ ಕಟ್ಟುವಾಗ ಯಾರ ಜಾತಿ ಯಾವುದು, ಯಾವ ಕ್ಯಾಂಪು ಎಂದು ಕೇಳಿದವರನ್ನು ನಾನು ನೋಡಲಿಲ್ಲ. ಚೆನ್ನಾಗಿ ಗುಂಡು ಹಾರಿಸಿದರೆ ಸಾಕಿತ್ತು.

ಕ್ಯಾಸೆಟ್ಟು ಹತ್ತದಿದ್ದರೆ ತೆಗೆದು ಬಾಯಿಂದ ಊದುತ್ತಿದ್ದೆವು. ಊದಿದರೆ ಧೂಳು ಹೋಗುತ್ತದೆ ಎಂದು ನಮ್ಮ ನಂಬಿಕೆ. ಉಸಿರಿನ ಪಸೆಯಿಂದ ಒಳಗಿನ ತಾಮ್ರದ ಹಲ್ಲುಗಳಿಗೆ ಕಿಲುಬು ಹಿಡಿಯುತ್ತದೆ ಎಂದು ಈಗ ತಿಳಿದವರು ಹೇಳುತ್ತಾರೆ. ಅಷ್ಟೂ ವರ್ಷ ನಾವು ಉಪಕಾರವೆಂದು ಮಾಡಿದ್ದು ಅಪಕಾರವಾಗಿತ್ತು ಎನ್ನಿ.

ಐದು ವರ್ಷ ಅಂಗಡಿ ನಡೆಯಿತು. ಸುಗ್ಗಿಯಲ್ಲಿ ನಾಲ್ಕು ಕಾಸು ಸಿಕ್ಕರೆ, ಬೇಸಿಗೆಯ ಕರೆಂಟು ಅದನ್ನು ತಿನ್ನುತ್ತಿತ್ತು. ಕೇಬಲ್ ಟಿ.ವಿ. ಮನೆಮನೆಗೆ ಬಂತು, ಹುಡುಗರು ಕ್ರಿಕೆಟ್ ನೋಡುತ್ತಾ ಮನೆಯಲ್ಲೇ ಕೂತರು. 1998ರಲ್ಲಿ ಬೀಗ ಹಾಕಿದೆ. ಅಷ್ಟರಲ್ಲಿ ಬಡ್ಡಿ ಕಟ್ಟಲಾಗದೆ ಬೋರಮಾಳದ ಗಡುವು ಮುಗಿದು, ಅದು ಯಾರ ಕೊರಳಿಗೋ ಹೋಗಿತ್ತು. ಅವ್ವ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ನನಗೆ ಹಗುರಾಗುತ್ತಿತ್ತು. ಮಸ್ಕಿಗೆ ಮರಳಿ ಪುಸ್ತಕ, ನೋಟುಬುಕ್ಕಿನ ಅಂಗಡಿ ಇಟ್ಟೆ. ಈಗಲೂ ಅದೇ ಅನ್ನ.

1993ರಲ್ಲಿ ಹತ್ತು ಗ್ರಾಂ ಚಿನ್ನಕ್ಕೆ ನಾಲ್ಕು ಸಾವಿರದ ಆಸುಪಾಸು ಬೆಲೆಯಿತ್ತು. 2025ರಲ್ಲಿ ಅದು ಒಂದು ಲಕ್ಷ ದಾಟಿತು. ಮೂರು ತೊಲೆಗೆ ಎಷ್ಟಾಯಿತು ಎಂದು ನಾನು ಲೆಕ್ಕ ಹಾಕುವುದಿಲ್ಲ. ನೀವೂ ಹಾಕಬೇಡಿ.

* * *

ಇಂಥ ನನಗೆ, ಅಟ್ಟದ ಮೇಲೆ ಕೋಟಿ ಕೂತಿದೆ ಎಂದು ಯಾರಾದರೂ ಹೇಳಿದರೆ ಏನಾಗಬೇಡ? ಮರುದಿನ ಬೆಳಿಗ್ಗೆ ಅಂಗಡಿ ತೆರೆಯಲಿಲ್ಲ. ಏಣಿ ಹಾಕಿ ಹತ್ತಿದೆ. ಇಲಿ ಕಡಿದ ರಟ್ಟಿನೊಳಗೆ ಎರಡು ಸೆಟ್ಟು, ಒಂದು ಪ್ಲಾಸ್ಟಿಕ್ ಬಂದೂಕು, ಹನ್ನೊಂದು ಕ್ಯಾಸೆಟ್ಟು ಸಿಕ್ಕವು. ಒರೆಸಿ ಒಂದೊಂದನ್ನೇ ಫೋನಿನ ಕ್ಯಾಮೆರಾ ಮುಂದೆ ಹಿಡಿದೆ. ಅಳಿಯ ಆ ಕಡೆಯಿಂದ ಒಂದೊಂದನ್ನೇ ನೋಡಿದ. ‘64 ಇನ್ 1’ ಎಂಬುದು ಬಂತು. ‘9999999 ಇನ್ 1’ ಎಂಬುದು ಬಂತು. ಅದರಲ್ಲಿ ನಿಜಕ್ಕೂ ಇದ್ದ ಆಟಗಳನ್ನು ಎರಡೂ ಕೈ ಬೆರಳುಗಳಲ್ಲೇ ಎಣಿಸಿ ಮುಗಿಸಬಹುದಿತ್ತು.

ಕೊನೆಗೆ ಅವನು ಮೆಲ್ಲಗೆ ಹೇಳಿದ: “ಮಾಮಾ, ಇವು ಒರಿಜಿನಲ್ ಅಲ್ರಿ. ನಕಲು.”

ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ‘ಫ್ಯಾಮಿಲಿ ಕಂಪ್ಯೂಟರ್’ ಎಂಬ ಸೆಟ್ಟು ತಂದಿತು; 1985ರಲ್ಲಿ ಅದೇ ಬೇರೆ ವೇಷದಲ್ಲಿ ಅಮೆರಿಕಕ್ಕೆ ಹೋಯಿತು. ಅದರ ನಕಲುಗಳು ಏಷ್ಯಾದ ಪೇಟೆಗಳನ್ನೆಲ್ಲ ತುಂಬಿದವು. ನಮ್ಮಂಥ ಊರುಗಳಿಗೆ ಬಂದದ್ದೆಲ್ಲ ಬಹುಪಾಲು ಆ ನಕಲಿನ ಸಂತತಿಯೇ. ಅಸಲು ಎಂಬುದೊಂದು ಇದೆ ಎಂದು ನನ್ನ ಗಿರಾಕಿಗಳಿಗಿರಲಿ, ನನಗೇ ಗೊತ್ತಿರಲಿಲ್ಲ.

ಅಸಲಿದ್ದರೂ ಸಾಲದಂತೆ. ಡಬ್ಬ ಬೇಕು. ಡಬ್ಬದ ಮೇಲಿನ ಪ್ಲಾಸ್ಟಿಕ್ ಹೊದಿಕೆ ಕಾರ್ಖಾನೆಯಲ್ಲಿ ಸುತ್ತಿದ ಹಾಗೆಯೇ ಇರಬೇಕು. ಅದನ್ನು ಶ್ರೇಣಿ ಕೊಡುವ ಸಂಸ್ಥೆಗೆ ಕಳಿಸಿದರೆ ಅವರು ಭೂತಗನ್ನಡಿಯಲ್ಲಿ ಮೂಲೆ ಅಂಚು ನೋಡಿ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುತ್ತಾರೆ. ಹೊದಿಕೆಗೆ ಬೇರೆ ಅಂಕ. ಆಮೇಲೆ ಗಟ್ಟಿ ಪಾರದರ್ಶಕ ಪೆಟ್ಟಿಗೆಯೊಳಗೆ ಹಾಕಿ ಮುಚ್ಚಿಬಿಡುತ್ತಾರೆ. ಹನ್ನೊಂದು ಕೋಟಿಯ ಆ ಡಬ್ಬಕ್ಕೆ ಸಿಕ್ಕಿದ್ದು ಹತ್ತಕ್ಕೆ 9.8, ಹೊದಿಕೆಗೆ ಎ ಪ್ಲಸ್ ಪ್ಲಸ್. ನಮ್ಮ ಹುಡುಗರು ಎಸ್ಸೆಸ್ಸೆಲ್ಸಿಯಲ್ಲೂ ಇಷ್ಟು ತೆಗೆಯುವುದಿಲ್ಲ.

“ಅಂದರೆ ಆಡಂಗಿಲ್ಲ?”

“ಆಡಂಗಿಲ್ರಿ ಮಾಮಾ. ಒಡದ್ರ ಬೆಲೆ ಹೋತು.”

ನಾನು ಕೈಯಲ್ಲಿದ್ದ ಕ್ಯಾಸೆಟ್ಟು ನೋಡಿದೆ. ಸಾವಿರ ಸಲ ಹಾಕಿ ತೆಗೆದು ಅದರ ಅಂಚು ಬೆಳ್ಳಗೆ ಸವೆದಿತ್ತು.

* * *

ಇಷ್ಟಕ್ಕೇ ಮುಗಿದಿದ್ದರೆ ನಗೆಯ ಪ್ರಸಂಗವಾಗುತ್ತಿತ್ತು. ಆದರೆ ಅಳಿಯ ಫೋನು ಮಾಡಿದ್ದರ ನಿಜವಾದ ಕಾರಣ ದಸರಾಕ್ಕೆ ಅವನು ಊರಿಗೆ ಬಂದಾಗ ತಿಳಿಯಿತು. ಅವನ ಹತ್ತಿರ ಎರಡು ಲಕ್ಷ ರೂಪಾಯಿ ಕೂಡಿತ್ತು. ಅಕ್ಕನ ಮೊಣಕಾಲಿನ ಆಪರೇಷನ್ನಿಗೆಂದು ತೆಗೆದಿಟ್ಟ ದುಡ್ಡು. ಆಪರೇಷನ್ನು ಬರುವ ವರ್ಷ. ಅಷ್ಟರೊಳಗೆ ಆ ದುಡ್ಡನ್ನು ಮೊಹರು ಒಡೆಯದ ಎರಡು ಡಬ್ಬಗಳಲ್ಲಿ ಹಾಕಿದರೆ ಮೂರು ಲಕ್ಷವಾದರೂ ಆದೀತು ಎಂಬುದು ಅವನ ಲೆಕ್ಕ. ಅಕ್ಕನಿಗೆ ಹೇಳಿರಲಿಲ್ಲ. ನನಗೆ ಹೇಳಿದ. ವಿಡಿಯೊ ಗೇಮಿನ ವಿಷಯದಲ್ಲಿ ಮನೆಯಲ್ಲಿ ಅನುಭವಸ್ಥ ನಾನೊಬ್ಬನೇ ನೋಡಿ!

ನನಗೆ ಮೊದಲು ನೆನಪಾದದ್ದು ಅವನ ಅಪ್ಪ, ಎಂದರೆ ನಮ್ಮ ಭಾವ. ಲಿಂಗಸುಗೂರಿನಲ್ಲಿ ಕಿರಾಣಿ ವ್ಯಾಪಾರ. ಬಿಗಿ ಕೈ. ಅಂಥವರಿಗೆ ಕೆಲವು ವರ್ಷಗಳ ಹಿಂದೆ ಒಂದು ಫೋನು ಬಂತು: ಟ್ರ್ಯಾಕ್ಟರ್ ಚಿತ್ರವಿರುವ ಹಳೆಯ ಐದು ರೂಪಾಯಿ ನೋಟು ನಿಮ್ಮ ಹತ್ತಿರ ಇದೆಯೇ, ಇದ್ದರೆ ಅದಕ್ಕೆ ಐದು ಲಕ್ಷ. ಟ್ರ್ಯಾಕ್ಟರ್ ನೋಟು ನಮ್ಮ ಸೀಮೆಯಲ್ಲಿ ಯಾರ ಮನೆಯಲ್ಲಿಲ್ಲ? ಭಾವನ ಗಲ್ಲಾಪೆಟ್ಟಿಗೆಯ ತಳದಲ್ಲಿ ಆರು ಸಿಕ್ಕವು. ಮೊದಲು ನೋಂದಣಿ ಶುಲ್ಕ, ಆಮೇಲೆ ತೆರಿಗೆ, ಆಮೇಲೆ ರಿಸರ್ವ್ ಬ್ಯಾಂಕಿನ ಕಮಿಷನ್ನು ಎಂದು ಕಂತು ಕಂತಾಗಿ ಹದಿನೆಂಟು ಸಾವಿರ ಕಳಿಸಿದರು. ಆಮೇಲೆ ಆ ನಂಬರು ಹತ್ತಲಿಲ್ಲ. ಇಂಥ ಮೋಸ ಎಷ್ಟು ಹಬ್ಬಿತ್ತೆಂದರೆ 2021ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕೇ ಪ್ರಕಟಣೆ ಹೊರಡಿಸಿತು. ಹಳೆಯ ನಾಣ್ಯ ನೋಟುಗಳ ವ್ಯವಹಾರ ತಾನು ಮಾಡುವುದಿಲ್ಲ, ಅದಕ್ಕೆ ಶುಲ್ಕವನ್ನೂ ಕೇಳುವುದಿಲ್ಲ ಎಂದು ಹೇಳಿತು. ಭಾವನಿಗೆ ಆ ಸುದ್ದಿ ತಲುಪುವ ಹೊತ್ತಿಗೆ ದುಡ್ಡು ಹೋಗಿ ಆಗಿತ್ತು. ಆರು ನೋಟು ಮಾತ್ರ ಈಗಲೂ ಇವೆ. ಮೂವತ್ತು ರೂಪಾಯಿ ಮೌಲ್ಯ.

“ಇದು ಅಪ್ಪನಂಗ ಅಲ್ರಿ ಮಾಮಾ” ಎಂದ ಅಳಿಯ. ಅವನ ಮಾತೂ ಸರಿ. ಇಲ್ಲಿ ಡಬ್ಬ ನಿಜ, ಹರಾಜು ನಿಜ, ಕೊಂಡವರೂ ನಿಜ. ಅವನು ತಿಂಗಳುಗಟ್ಟಲೆ ಓದಿಕೊಂಡಿದ್ದ. ಹಾಗಾಗಿ ಬೈದು ಪ್ರಯೋಜನವಿರಲಿಲ್ಲ. ಕಟ್ಟೆಯ ಮೇಲೆ ಕೂತು ಇಬ್ಬರೂ ಲೆಕ್ಕ ಹಾಕಿದೆವು. ಅಂಗಡಿಕಾರನಾದ ನನಗೆ ಗೊತ್ತಿರುವ ನಾಲ್ಕೇ ಪ್ರಶ್ನೆ ಕೇಳಿದೆ.

ಇಟ್ಟುಕೊಂಡಷ್ಟು ದಿನ ಏನು ಬರುತ್ತದೆ? ಏನೂ ಇಲ್ಲ. ಬ್ಯಾಂಕಿನಲ್ಲಿಟ್ಟರೆ ಬಡ್ಡಿ, ಹೊಲಕ್ಕೆ ಕೋರು, ಎಮ್ಮೆಗೆ ಹಾಲು. ಡಬ್ಬಕ್ಕೆ ಬರೀ ಕಾವಲು.

ಖರ್ಚೆಷ್ಟು? ತರಿಸುವ ಖರ್ಚು, ಕಸ್ಟಮ್ಸ್ ಸುಂಕ, ಶ್ರೇಣಿ ಕೊಡಿಸುವ ಶುಲ್ಕ, ಮಾರುವಾಗ ಮತ್ತೆ ಹರಾಜಿನವರ ಪಾಲು. ಬೆಲೆ ಒಂದಿಷ್ಟು ಏರಿದರೂ ಅಸಲು ಮುಟ್ಟಿದರೆ ಪುಣ್ಯ.

ಒಳಗೇನಿದೆ ಎಂದು ಹೇಗೆ ಗೊತ್ತು? ಇದಕ್ಕೆ ಅವನೇ ನಕ್ಕ. ಜೆಲ್ಡಾ ಆಟದ ಕ್ಯಾಸೆಟ್ಟಿನಲ್ಲಿ ಆಡಿದ್ದನ್ನು ನೆನಪಿಡಲು ಒಂದು ಚಿಕ್ಕ ಬ್ಯಾಟರಿ ಇರುತ್ತದಂತೆ. ಮೂವತ್ತು ನಲವತ್ತು ವರ್ಷವಾದ ಬ್ಯಾಟರಿಗೆ ಜೀವವಿದೆಯೋ ಇಲ್ಲವೋ ನೋಡಬೇಕಾದರೆ ಮೊಹರು ಒಡೆಯಬೇಕು. ಒಡೆದರೆ ಬೆಲೆ ಇಲ್ಲ. ಲಕ್ಷಾಂತರ ಡಾಲರ್ ಕೊಟ್ಟು ಕೊಂಡವನು ಒಳಗಿನದು ನಡೆಯುತ್ತದೆ ಎಂದು ನಂಬಿಕೊಂಡೇ ಸಾಯಬೇಕು.

ನಾಳೆಯೇ ದುಡ್ಡು ಬೇಕೆಂದರೆ ಕೊಳ್ಳುವವರು ಯಾರು? ಇದೇ ದೊಡ್ಡ ಪ್ರಶ್ನೆ. ಆ ಬೆಲೆ ಕಟ್ಟಿದವರು ಜಗತ್ತಿನಲ್ಲಿ ಬೆರಳೆಣಿಕೆಯ ಜನ. 2021ರ ಆ ಏರಿಕೆ ನಿಲ್ಲಲಿಲ್ಲ. ಆಮೇಲೆ ಬೆಲೆಗಳು ಇಳಿದವು. ಬೆಲೆಯನ್ನು ಬೇಕೆಂದೇ ಉಬ್ಬಿಸಲಾಗಿದೆ ಎಂದು ಆರೋಪಿಸಿ 2022ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಗ್ರಾಹಕರು ಶ್ರೇಣಿ ಕೊಡುವ ಸಂಸ್ಥೆಯ ಮೇಲೆ ದಾವೆಯನ್ನೂ ಹೂಡಿದರು. ಆ ಆಟಗಳ ಮೇಲೆ ಮೋಹವಿರುವುದು ಚಿಕ್ಕಂದಿನಲ್ಲಿ ಅವನ್ನು ಆಡಿದವರಿಗೆ. ಈಗ ಅವರ ಕೈಯಲ್ಲಿ ದುಡ್ಡಿದೆ, ಕೊಳ್ಳುತ್ತಾರೆ. ಅವರ ಮಕ್ಕಳಿಗೆ ಆ ಮೋಹ ಏಕಿರಬೇಕು? ನಮ್ಮ ಕಾಲದಲ್ಲಿ ಜೀವದಂತೆ ಕಾಪಾಡಿಕೊಂಡ ಅಂಚೆಚೀಟಿಯ ಆಲ್ಬಮ್ಮನ್ನು ಈಗ ಮನೆಯಲ್ಲಿ ಯಾರು ತೆರೆದು ನೋಡುತ್ತಾರೆ?

ಅವನು ಸುಲಭಕ್ಕೆ ಬಿಡುವವನಲ್ಲ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಅಲಮೊಗಾರ್ಡೊ ಎಂಬ ಊರಿದೆ. 1983ರಲ್ಲಿ ಅಟಾರಿ ಕಂಪನಿ ಮಾರಾಟವಾಗದೆ ಉಳಿದ ಆಟಗಳನ್ನು ಲಾರಿಗಳಲ್ಲಿ ತಂದು ಆ ಊರ ಕಸದ ಗುಂಡಿಯಲ್ಲಿ ಹೂತುಬಿಟ್ಟಿತು. 2014ರಲ್ಲಿ ಅಗೆದು ತೆಗೆದರು. ಅದರಲ್ಲಿ ಸಾವಿರಕ್ಕೆ ಕಡಿಮೆ ಸಂಖ್ಯೆಯ ಕ್ಯಾಸೆಟ್ಟುಗಳನ್ನು ಮಾರಿದ್ದಕ್ಕೇ ಒಂದು ಲಕ್ಷ ಡಾಲರಿಗೂ ಮಿಕ್ಕಿ ಬಂತು. “ಕಸ ಬಂಗಾರ ಆತಿಲ್ರಿ ಮಾಮಾ?” ಎಂದ.

“ಆತು. ಆದರ ಯಾರಿಗೆ? ಊರಿಗೆ ಆತು. ಪುಕ್ಕಟೆ ಸಿಕ್ಕವರಿಗೆ ಆತು. ದುಡ್ಡು ಹಾಕಿ ತಯಾರು ಮಾಡಿದವಗ ಗುಂಡಿ ತೋಡಿದ ಖರ್ಚು” ಎಂದೆ. ಮೇಜಿನ ಖಾನೆಯಲ್ಲಿ ಡಬ್ಬ ಮರೆತಿದ್ದವನ ಕಥೆಯೂ ಅದೇ. ಅವನು ಅದನ್ನು ಬಂಡವಾಳವೆಂದು ಇಟ್ಟಿರಲಿಲ್ಲ, ಮರೆತಿದ್ದ. ಮರೆತವನಿಗೆ ಸಿಕ್ಕ ಅದೃಷ್ಟವನ್ನು ನೆನಪಿಟ್ಟುಕೊಂಡು ಗಳಿಸಲು ಹೋದರೆ ಸಿಕ್ಕೀತೇ?

* * *

ಸಂಜೆ ಇಬ್ಬರೂ ನಮ್ಮೂರ ಗುಡ್ಡದ ಕಡೆ ನಡೆದೆವು. ಅಶೋಕನ ಶಾಸನದ ಬಂಡೆ ಅಲ್ಲಿದೆ. ಓದುಗರಲ್ಲಿ ಅನೇಕರು ನೋಡಿರಬಹುದು. ಆ ಕಾಲಕ್ಕೆ ನಮ್ಮ ಸೀಮೆ ನಿಜಾಮರದು. 1915ರಲ್ಲಿ ಬೀಡನ್ ಎಂಬ ಇಂಗ್ಲಿಷ್ ಗಣಿ ಎಂಜಿನಿಯರು ಚಿನ್ನದ ಜಾಡು ಹುಡುಕುತ್ತಾ ಇಲ್ಲಿಗೆ ಬಂದವನು ಈ ಅಕ್ಷರಗಳನ್ನು ಕಂಡ. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲೆಲ್ಲ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಷ್ಟೇ ಇದ್ದವು. ಅಶೋಕ ಎಂಬ ಹೆಸರು ಮೊದಲು ಸಿಕ್ಕಿದ್ದು ಈ ಬಂಡೆಯಲ್ಲಿ. ಚಿನ್ನ ಹುಡುಕಿದವನಿಗೆ ಹೆಸರು ಸಿಕ್ಕಿತು.

ಇನ್ನೊಂದು ಕಡೆ, ಇದೇ ಲಿಂಗಸುಗೂರಿನ ಹಟ್ಟಿಯಲ್ಲಿ ಈಗಲೂ ಚಿನ್ನ ತೆಗೆಯುತ್ತಾರೆ. ನೆಲದಾಳದಿಂದ ಒಂದು ಟನ್ ಕಲ್ಲು ಎತ್ತಿ ಅರೆದರೆ ಸಿಗುವುದು ಕೆಲವೇ ಗ್ರಾಂ. ಆದರೆ ಆ ಕೆಲವು ಗ್ರಾಮಿಗೆ ಯಾವ ಊರಿನ ಅಕ್ಕಸಾಲಿಗನೂ ತೂಕ ಹಾಕಿ ದುಡ್ಡು ಎಣಿಸುತ್ತಾನೆ. ಸರ ಮಾಡಿ ಹಾಕಿಕೊಂಡು ಮೂವತ್ತು ವರ್ಷ ಬೆವರಿದರೂ, ಕರಗಿಸಿದರೂ ಅದು ಚಿನ್ನವೇ. ಅವ್ವನಿಗೆ ಇದು ಗೊತ್ತಿತ್ತು. ಬಿ.ಎ. ಓದಿದ ನನಗೆ ಗೊತ್ತಿರಲಿಲ್ಲ.

ಅಳಿಯ ಬಂಡೆಯ ಮುಂದೆ ನಿಂತು, “ಇದಕ್ಕ ಬೆಲೆ ಎಷ್ಟಾದೀತ್ರಿ?” ಎಂದ. ರೇಗಿಸಲೆಂದೇ ಕೇಳಿದ್ದು.

ಬೆಲೆ ಕಟ್ಟಲಾಗದು, ಏಕೆಂದರೆ ಮಾರುವ ವಸ್ತುವಲ್ಲ. ಎರಡು ಸಾವಿರದ ಇನ್ನೂರು ವರ್ಷ ಮಳೆ ಬಿಸಿಲಿಗೆ ತೆರೆದುಕೊಂಡೇ ಇದೆ. ಯಾರೂ ಹೊದಿಕೆ ಸುತ್ತಿ ಇಟ್ಟಿರಲಿಲ್ಲ. ಧರ್ಮದ ಫಲ ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ದಕ್ಕುತ್ತದೆ ಎಂಬ ಅರ್ಥದ ಮಾತು ಅದರಲ್ಲಿದೆ ಎಂದು ಬಲ್ಲವರು ಹೇಳುತ್ತಾರೆ. ಬರೆದದ್ದು ಬಂದು ಹೋಗುವವರು ಓದಲಿ ಎಂದು. ನನ್ನ ಮನಸ್ಸಿಗೆ ಆಗ ಸಿಂಧನೂರಿನ ಆ ಕೋಣೆ ಬಂತು, ಐದು ರೂಪಾಯಿಗೆ ಎಲ್ಲರೂ ಕೂತ ಆ ಚಾಪೆ. ಆ ಕ್ಯಾಸೆಟ್ಟುಗಳನ್ನು ನಾನು ಮೊಹರು ಮಾಡಿ ಇಟ್ಟಿದ್ದರೆ ಏನು ಉಳಿಯುತ್ತಿತ್ತು? ನಕಲಿ ಕ್ಯಾಸೆಟ್ಟು ನಕಲಿಯಾಗಿಯೇ ಉಳಿಯುತ್ತಿತ್ತು. ಆಡಿದ್ದು ಮಾತ್ರ ಅಸಲಾಗಿತ್ತು. ಈಗಲೂ ಸಿಂಧನೂರಿನ ಬಸ್ ನಿಲ್ದಾಣದಲ್ಲಿ ತಲೆ ನರೆತ ಗಂಡಸರು ನನ್ನನ್ನು ತಡೆದು, “ಅಣ್ಣಾ, ಕಾಂಟ್ರಾ ನೆನಪೈತೇನು?” ಎಂದು ಕೇಳುತ್ತಾರೆ. ಇದರ ಮೇಲೆ ಬಡ್ಡಿ ಬರುವುದಿಲ್ಲ, ನಿಜ. ಅವ್ವನ ಸರವೂ ಇದರಿಂದ ಮರಳುವುದಿಲ್ಲ. ಎರಡನ್ನೂ ಒಟ್ಟಿಗೇ ಹೇಳಬೇಕು. ಒಂದನ್ನೇ ಹೇಳಿದರೆ ಸುಳ್ಳಾಗುತ್ತದೆ.

ಇಳಿದು ಬರುವಾಗ ಅಳಿಯನಿಗೆ ಬೋರಮಾಳದ ಕಥೆ ಹೇಳಿದೆ. ಅವನಿಗೆ ಗೊತ್ತಿರಲಿಲ್ಲ. ಮನೆ ಮುಟ್ಟುವ ತನಕ ಮಾತಾಡಲಿಲ್ಲ. “ಅವ್ವನ ದುಡ್ಡು ಅವ್ವಗ ಇರಲಿ ಬಿಡ್ರಿ” ಎಂದ ಕೊನೆಗೆ.

* * *

ಮರುದಿನ ಬನ್ನಿ ಹಬ್ಬ. ಹುಡುಗರೆಲ್ಲ ಅಟ್ಟದ ಮೇಲಿನಿಂದ ಇಳಿದ ಸೆಟ್ಟನ್ನು ಹಚ್ಚಿರಿ ಎಂದು ಹಟ ಹಿಡಿದರು. ಮನೆಯ ಹೊಸ ಟಿ.ವಿ.ಗೆ ಹೇಗೋ ಜೋಡಿಸಿದೆವು. ಚಿತ್ರ ಬಂತು, ಆದರೆ ಬಂದೂಕು ಕೆಲಸ ಮಾಡಲಿಲ್ಲ. ಬಾತುಕೋಳಿ ಹೊಡೆಯುವ ಆ ಬಂದೂಕಿಗೆ ಹಳೆಯ ಡೊಳ್ಳುಹೊಟ್ಟೆಯ ಟಿ.ವಿ.ಯೇ ಆಗಬೇಕು, ಆ ಗಾಜಿನ ಮೇಲೆ ಬೆಳಕು ಮೂಡುವ ರೀತಿಯೇ ಬೇರೆ. ರಿಪೇರಿ ಅಂಗಡಿಯ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಒಂದು ಟಿ.ವಿ.ಯನ್ನು ಮುನ್ನೂರು ರೂಪಾಯಿ ಕೊಟ್ಟು ಹೊತ್ತು ತಂದೆವು. ಹನ್ನೊಂದರಲ್ಲಿ ಏಳು ಕ್ಯಾಸೆಟ್ಟು ಹತ್ತಿದವು. ನಾನು ಊದಲು ಹೋದೆ. ಅಳಿಯ ಕಸಿದುಕೊಂಡು ಅರಳೆಯಿಂದ ಒರೆಸಿದ.

ಅವ್ವ ಕೋಲೂರಿಕೊಂಡು ಬಂದು ಕೂತಳು. ಮೊಮ್ಮಗ ಬನ್ನಿ ಎಲೆಯನ್ನು ಅವಳ ಕೈಯಲ್ಲಿಟ್ಟು, ಬನ್ನಿ ತಗೊಂಡು ಬಂಗಾರದಂಗ ಇರೋಣು ಎಂದು ಕಾಲು ಮುಟ್ಟಿದ. ಅವ್ವ ಎಲೆಯನ್ನು ಮುಷ್ಟಿಯಲ್ಲಿ ಹಿಡಿದು ಟಿ.ವಿ. ನೋಡಿದಳು. ಸ್ವಲ್ಪ ಹೊತ್ತಾದ ಮೇಲೆ ನನ್ನತ್ತ ತಿರುಗಿ,

“ಇದೇನೊ ನನ್ನ ಸರ?” ಎಂದಳು.

ಮೂವತ್ತು ವರ್ಷದಲ್ಲಿ ಆ ಸರದ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು. ನಾನು ತಲೆ ಆಡಿಸಿದೆ.

“ಮಾರಿದ್ರ ಎಷ್ಟು ಬರ್ತದ?”

“ಏನೂ ಬರಂಗಿಲ್ಲಬೇ.”

“ಹಂಗಾರ ಹುಡುಗ್ರು ಆಡ್ಲಿ ಬಿಡು” ಎಂದಳು ಅವ್ವ.

ಅಕ್ಕನ ಆಪರೇಷನ್ನು ಮುಗಿದು ಈಗ ಕೋಲಿಲ್ಲದೆ ನಡೆಯುತ್ತಾಳೆ. ಅಳಿಯನೂ ಕೈ ಕಟ್ಟಿ ಕೂತಿಲ್ಲ. ಎಲ್ಲಿಂದಲೋ ಒಂದು ಅಸಲಿ ಮಾರಿಯೊ ಕ್ಯಾಸೆಟ್ಟನ್ನು ಕೆಲವೇ ಸಾವಿರಕ್ಕೆ ತರಿಸಿಕೊಂಡಿದ್ದಾನೆ. ಡಬ್ಬವಿಲ್ಲ, ಹೊದಿಕೆಯಿಲ್ಲ, ಅದರ ಮೇಲೆ ಯಾವುದೋ ಮಗು ಪೆನ್ನಿನಿಂದ ಹೆಸರು ಬರೆದಿದೆಯಂತೆ. ಅದಕ್ಕೇ ಅಗ್ಗ.